ನಲವತ್ತೊಂದರ ವಿಳಾಸ

ಕಟಿಂಗ್ ಶಾಪಿನಲ್ಲಿ ಕೂತು ಕಿವಿ ತೆರೆದಿಟ್ಟುಕೊಂಡದ್ದೇ ಕಂಪೌಂಡರ್ ಮಾಡಿದ ಮೊದಲ ತಪ್ಪು.

ಅವನು ನಿಜವಾದ ಕಂಪೌಂಡರ್ ಅಲ್ಲ. ನದಿ ದಂಡೆಯ ಮೀನು ಸಂಶೋಧನಾ ಕೇಂದ್ರದಲ್ಲಿ ತಂತ್ರಜ್ಞ. ಮೀನಿನ ಹೊಟ್ಟೆಯನ್ನು ಚೂರೇ ಚೂರು ಕೊಯ್ದು, ಬೆರಳ ಗೆಣ್ಣಿನಷ್ಟು ಉದ್ದದ ಗುಳಿಗೆಯೊಂದನ್ನು ಒಳಗಿಟ್ಟು, ಹೊಲಿಗೆ ಹಾಕಿ ಮತ್ತೆ ನೀರಿಗೆ ಬಿಡುವುದು ಅವನ ಕೆಲಸವಾದ್ದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಗುಳಿಗೆ ನೀರೊಳಗಿಂದ ಆಗಾಗ ಟಿಕ್ ಟಿಕ್ ಎಂದು ತನ್ನ ನಂಬರು ಹೇಳುತ್ತಿರುತ್ತದೆ. ನದಿಯುದ್ದಕ್ಕೂ ಕಂಬಗಳಿಗೆ ಕಟ್ಟಿದ ಪೆಟ್ಟಿಗೆಗಳು ಅದನ್ನು ಕೇಳಿಸಿಕೊಂಡು ಕೇಂದ್ರಕ್ಕೆ ತಿಳಿಸುತ್ತವೆ. ಯಾವ ಮೀನು ಎಲ್ಲಿ ತಂಗಿತು, ಎಲ್ಲಿಗೆ ಹೊರಟಿತು, ಎಲ್ಲ ಗೊತ್ತಾಗುತ್ತದೆ. "ಗಂಡಸರಿಗೆ ಹಾಕೋ ಗುಳಿಗೆ ಬಂದಾಗ ಹೇಳಿ" ಎಂದು ಪಕ್ಕದ ಮನೆಯ ಟೈಲರಮ್ಮ ಕೇಳಿಟ್ಟಿದ್ದಳು.

"ನಿನ್ನೆ ಒಬ್ಬ ಡ್ರಮ್ಮಲ್ಲಿ ಇಷ್ಟುದ್ದ ಮೀನು ಇಟ್ಕೊಂಡು ನಮ್ಮ ಬೀದಿಗೇ ಬಂದ" ಎಂದ ಕ್ಷೌರಿಕ, ಕತ್ತಿ ಹಿಡಿದ ಕೈಯಲ್ಲೇ ಉದ್ದ ತೋರಿಸುತ್ತಾ. "ಜೀವ ಇತ್ತು. ಹೊಟ್ಟೆ ಮೇಲೆ ಹೊಲಿಗೆ ಬೇರೆ. ಯಾರ ಮನೆಗೆ ಹೋದ್ನೋ ನೋಡ್ಲಿಲ್ಲ."

ಕಂಪೌಂಡರ್ ಕಣ್ಣು ಬಿಟ್ಟ. ಆ ಬೆಳಿಗ್ಗೆಯೇ ಕೇಂದ್ರದ ಮೇಡಂ ಫೋನ್ ಮಾಡಿ, ನದಿಯ ತಿರುವಿನಲ್ಲಿ ನಲವತ್ತೊಂದರ ಸದ್ದಿಲ್ಲ ಎಂದಿದ್ದರು. ಗಡ್ಡ ಮುಗಿಸಿ ನೋಡೋಣವೆಂದು ಅವನು ಸುಮ್ಮನಿದ್ದ.

ನಲವತ್ತೊಂದು ಅಂತಿಂಥ ಮೀನಲ್ಲ. ಅದರ ಜಾತಿಯಲ್ಲಿ ಮೊಟ್ಟೆಯಿಡುವ ಹೆಣ್ಣೆಂದು ನದಿಯಲ್ಲಿ ಉಳಿದಿದ್ದದ್ದು ಬಹುಶಃ ಅದೊಂದೇ. ಅದು ಮೊಟ್ಟೆಯಿಡುವ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಮರಳು ತೆಗೆಯಬಹುದು ಎಂದು ಸರ್ಕಾರದ ಆದೇಶವಾಗಿತ್ತು. ಜಾಗ ಗುರುತಿಸಲು ಅವತ್ತೇ ಸಂಜೆ ಎಂಜಿನಿಯರ್ ಬರುವವರಿದ್ದರು. ಮೀನೇ ಇಲ್ಲವೆಂದಾದರೆ ತಿರುವಿಗೂ ಯಂತ್ರ ಇಳಿಯುತ್ತದೆ.

ಅರ್ಧ ಬೋಳಿಸಿದ ಮುಖ, ಕುತ್ತಿಗೆಯಲ್ಲಿ ಬಿಳಿ ಬಟ್ಟೆ. ಕಂಪೌಂಡರ್ ಹಾಗೇ ಎದ್ದು ಓಡಿದ. "ಬಟ್ಟೆ ಕೊಟ್ಟು ಹೋಗಿ" ಎಂದು ಕ್ಷೌರಿಕ ಹಿಂದೆಯೇ ಓಡಿದ.

ಮನೆಯಲ್ಲಿ ಕೇಳುಕೋಲು ಇತ್ತು. ಉದ್ದ ಕೊಳವೆ, ಅದರ ತುದಿಗೆ ಸೌತೆಕಾಯಿಯಂಥ ಮೈಕು, ಇನ್ನೊಂದು ತುದಿಗೆ ಹೆಡ್‌ಫೋನು, ನಂಬರು ತೋರಿಸುವ ಚಿಕ್ಕ ಡಬ್ಬಿ. ಅದನ್ನು ಹೆಗಲಿಗೇರಿಸಿ ಮೊದಲ ಮನೆಯ ನೀರಿನ ತೊಟ್ಟಿಗೆ ಇಳಿಬಿಟ್ಟ. ಏನೂ ಇಲ್ಲ. ಎರಡನೆಯ ಮನೆಗೆ ಹೋಗುವಷ್ಟರಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರ್ ಅಡ್ಡ ನಿಂತಿದ್ದರು.

"ಏನಿದು, ನೀರು ಪರೀಕ್ಷೆನಾ?"

"ಒಂದು ಮೀನು ಕಳೆದಿದೆ ಸಾರ್."

"ತೊಟ್ಟಿಯೊಳಗೆ?"

"ಇರಬಹುದು."

ಸ್ಟೇಷನ್ ಮಾಸ್ಟರ್ ಮುಂದೆ ಕೇಳಲಿಲ್ಲ. ನಿವೃತ್ತರಾದ ಮೇಲೆ ಅವರ ಕೈಗೆ ಇಷ್ಟು ದೊಡ್ಡ ಗೊಂದಲ ಸಿಕ್ಕಿದ್ದು ಇದೇ ಮೊದಲು. ಬೀದಿಯ ನಡುವೆ ನಿಂತು, "ಯಾರೂ ನುಗ್ಗಬೇಡಿ, ಎಲ್ಲರ ಮನೆಗೂ ಬರ್ತಾರೆ" ಎಂದು ಸಾರಿದರು. ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ಎಲ್ಲರೂ ಹೊರಗೆ ಬಂದರು.

ಸ್ಟೇಷನ್ ಮಾಸ್ಟರ ತೊಟ್ಟಿಯಲ್ಲಿ ಟಿಕ್ ಟಿಕ್ ಕೇಳಲಿಲ್ಲ. ಸಣ್ಣಗೆ ಗುಳುಗುಳು ಕೇಳಿತು.

"ನಿಮ್ಮ ನೀರು ಆ ಗೋಡೆ ಕಡೆ ಹರೀತಿದೆ ಸಾರ್" ಎಂದ ಕಂಪೌಂಡರ್, ಯೋಚಿಸದೆ. ಅದು ಅವನ ಎರಡನೆಯ ತಪ್ಪು. ಆ ಗೋಡೆಯಾಚೆ ಇದ್ದದ್ದು ಟೈಲರಮ್ಮನ ಮನೆ.

"ಅದಕ್ಕೇ ನಮ್ಮ ತೊಟ್ಟಿ ಬೆಳಗಾಗೋದ್ರಲ್ಲಿ ಖಾಲಿ" ಎಂದರು ಸ್ಟೇಷನ್ ಮಾಸ್ಟರ್.

"ನಾವು ಕದ್ದಿದ್ದು ಅಂತೀರಾ?" ಎಂದಳು ಟೈಲರಮ್ಮ. "ಮನೆ ಕಟ್ಟಿದ ಮೇಸ್ತ್ರಿ ಹಾಕಿದ ಪೈಪು. ನಾನೇನು ನೆಲದೊಳಗೆ ಇಳಿದು ನೋಡಿದ್ನಾ? ನೀವು ಸುಮ್ನಿರಿ ಕಂಪೌಂಡರೇ, ಮೀನು ಹುಡುಕೋಕೆ ಬಂದೋರು ಮೀನು ಹುಡುಕಿ."

ಜಗಳ ಹಬ್ಬುವ ಮೊದಲೇ ಕಂಪೌಂಡರ್ ಮೂಲೆಮನೆಗೆ ಜಾರಿಕೊಂಡ. ಗೇಟಿಗೆ ಬೀಗ. ಅಲ್ಲಿ ಬಾಡಿಗೆಗೆ ಬಂದಿದ್ದ ಪ್ರೊಫೆಸರಮ್ಮ ಕಾಲೇಜಿಗೆ ಹೋಗಿದ್ದರು. ಏನು ಪಾಠ ಹೇಳುತ್ತಾರೋ ಬೀದಿಗೆ ಗೊತ್ತಿರಲಿಲ್ಲ. ಹಿತ್ತಿಲಲ್ಲಿ ದೊಡ್ಡ ಸಿಮೆಂಟು ತೊಟ್ಟಿ. ಕ್ಷೌರಿಕನ ಹೆಗಲೇರಿ, ಗೋಡೆಯ ಮೇಲಿಂದ ಕೋಲು ಇಳಿಬಿಟ್ಟ.

ಟಿಕ್ ಟಿಕ್. ಡಬ್ಬಿಯ ಮೇಲೆ ನಲವತ್ತೊಂದು ಮೂಡಿತು.

ಮುಂದಿನದನ್ನು ಬೀದಿಯವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕಂಪೌಂಡರ್ ತೊಟ್ಟಿಗೆ ಇಳಿದನೆಂದು ಅವನೂ, ಬಿದ್ದನೆಂದು ಕ್ಷೌರಿಕನೂ ಹೇಳುತ್ತಾರೆ. ಎದೆಮಟ್ಟ ನೀರಿನಲ್ಲಿ ಮೀನನ್ನು ತಬ್ಬಿಕೊಂಡಾಗ ಅದು ಬೋಳಿಸಿದ ಕೆನ್ನೆಗೆ ಸರಿಯಾಗಿ ಬಾಲದಿಂದ ಬಾರಿಸಿತು. ಕನ್ನಡಕ ತಳ ಸೇರಿತು. ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಡೆ ದಾಟಿಸಿದರು. ಟೈಲರಮ್ಮ ಬಟ್ಟೆ ನೆನೆಸುವ ಟಬ್ಬು ತಂದುಕೊಟ್ಟಳು. ಅದನ್ನು ತಳ್ಳುಗಾಡಿಯ ಮೇಲಿಟ್ಟು ಸೇತುವೆಯತ್ತ ಹೊರಟರು. ಜಗಳ ಮರೆತ ಸ್ಟೇಷನ್ ಮಾಸ್ಟರ್ ಮುಂದೆ ಮುಂದೆ ಸೀಟಿ ಊದುತ್ತಾ ನಡೆದರು. ಬಸ್ಸುಗಳು ಕೂಡ ನಿಂತವು.

ಸೇತುವೆಯ ಕೆಳಗೆ ನೀರಿಗೆ ಬಿಟ್ಟರೆ, ಮೀನು ಬೇಡದ ನೆಂಟರ ಮನೆಯಿಂದ ಬಿಡಿಸಿಕೊಂಡವರ ಹಾಗೆ ಹಿಂದೆ ತಿರುಗಿಯೂ ನೋಡದೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಕಂಪೌಂಡರನ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ನೀರು ತೊಟ್ಟಿಕ್ಕಿಸುತ್ತಾ ಕೇಂದ್ರಕ್ಕೆ ಹೋದ. ಮೇಡಂ ನಗುಮುಖದಲ್ಲಿದ್ದರು.

"ಗಾಬರಿ ಬೇಡ, ತಿರುವಿನ ಪೆಟ್ಟಿಗೆಯ ಬ್ಯಾಟರಿ ಹೋಗಿತ್ತು ಅಷ್ಟೆ. ನಾನೇ ಹೋಗಿ ಹಾಕಿಬಂದೆ. ನಲವತ್ತೊಂದು ಅಲ್ಲೇ ಇದೆ, ಕದಲೇ ಇಲ್ಲ."

ಕಂಪೌಂಡರ್ ಕುರ್ಚಿ ಹುಡುಕಿದ.

"ಹಾಗಾದ್ರೆ ನಾನು ನದಿಗೆ ಬಿಟ್ಟಿದ್ದು ಯಾರನ್ನ?"

ಉತ್ತರ ಬಾಗಿಲಲ್ಲೇ ನಿಂತಿತ್ತು. ಸ್ಟೇಷನ್ ಮಾಸ್ಟರ್ ಪ್ರೊಫೆಸರಮ್ಮನನ್ನು ಕರೆದುಕೊಂಡು ಬಂದಿದ್ದರು. "ಪಾಪ, ಖಾಲಿ ತೊಟ್ಟಿ ಮುಂದೆ ನಿಂತಿದ್ರು. ನಾನೇ ಎಲ್ಲ ವಿವರವಾಗಿ ಹೇಳಿ ಕರ್ಕೊಂಡು ಬಂದೆ" ಎಂದರು, ಉಪಕಾರ ಮಾಡಿದವರ ಧಾಟಿಯಲ್ಲಿ.

ಪ್ರೊಫೆಸರಮ್ಮನ ವಿಷಯವೂ ಮೀನೇ ಆಗಿತ್ತು. ಹೊಟ್ಟೆಯ ಹೊಲಿಗೆ ಹೇಗೆ ಮಾಯುತ್ತದೆಂದು ನೋಡಲು ಬೇರೊಂದು ಸಾಕಣೆ ಕೇಂದ್ರದಿಂದ ಅದೇ ಜಾತಿಯ ಗಂಡು ಮೀನಿಗೆ ಅಲ್ಲೇ ಗುಳಿಗೆ ಹಾಕಿಸಿ ತರಿಸಿದ್ದರು. ಗುಳಿಗೆ ಕೊಂಡದ್ದು ಅದೇ ಕಂಪನಿಯಲ್ಲಿ. ಕಂಪನಿ ಇಬ್ಬರಿಗೂ ನಲವತ್ತೊಂದನ್ನೇ ಕೊಟ್ಟಿತ್ತು.

"ಗಂಡು ಹೆಣ್ಣು ಗೊತ್ತಾಗಲಿಲ್ವಾ ನಿಮಗೆ?" ಎಂದರು ಪ್ರೊಫೆಸರಮ್ಮ.

"ಕೆನ್ನೆಗೆ ಹೊಡೀತು ಮೇಡಂ. ಆಮೇಲೆ ಏನೂ ಕಾಣಲಿಲ್ಲ."

ಅಷ್ಟರಲ್ಲಿ ಎಂಜಿನಿಯರ್ ಬಂದರು. ಮೇಡಂ ಒಲ್ಲದ ಮನಸ್ಸಿನಿಂದ ಪರದೆ ತೋರಿಸಿದರು. ತಿರುವಿನಲ್ಲೊಂದು ಚುಕ್ಕೆ, ಸೇತುವೆಯ ಹತ್ತಿರ ಒಂದು ಚುಕ್ಕೆ. ಎರಡರ ಪಕ್ಕದಲ್ಲೂ ನಲವತ್ತೊಂದು. ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದರು.

ಎಂಜಿನಿಯರ್ ಎರಡೂ ಚುಕ್ಕೆಗಳ ಮೇಲೆ ಬೆರಳಿಟ್ಟು ನೋಡಿದರು.

"ಈಗ ಹೆಣ್ಣು ಇರೋದು ತಿರುವಲ್ಲಿ. ನಾಳೆ ಇವೆರಡೂ ಜಾಗ ಬದಲಾಯಿಸಿದ್ರೆ ಯಾವುದು ಯಾವುದು ಅಂತ ನಿಮಗೆ ಗೊತ್ತಾಗುತ್ತಾ?"

"ಇಲ್ಲ" ಎಂದರು ಮೇಡಂ.

"ಹಾಗಾದ್ರೆ ನಾನು ಯಾವ ಜಾಗಕ್ಕೂ ಗುರುತು ಹಾಕೋ ಹಾಗಿಲ್ಲ. ಒಂದನ್ನ ಹಿಡಿದು ಹೊರಗೆ ತೆಗೀರಿ. ಅಲ್ಲಿವರೆಗೂ ಇಡೀ ನದಿಯಲ್ಲಿ ಒಂದು ಬುಟ್ಟಿ ಮರಳೂ ಎತ್ತಬಾರದು. ಆದೇಶ ಅಂದ್ರೆ ಆದೇಶ." ಬೇಸರದಿಂದಲೇ ಹೊರಟುಹೋದರು.

ಒಂದು ತಿರುವು ಉಳಿದರೆ ಸಾಕೆಂದು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದ ಮೇಡಂ ಮೆಲ್ಲಗೆ ಕುಳಿತರು.

"ನನ್ನ ಮೀನು ನನಗೆ ವಾಪಸ್ ಬೇಕು" ಎಂದರು ಪ್ರೊಫೆಸರಮ್ಮ. ಪರದೆಯನ್ನೊಮ್ಮೆ ನೋಡಿ, "ಅವಸರವೇನಿಲ್ಲ" ಎಂದು ಸೇರಿಸಿದರು.

"ನಾಳೆಯಿಂದ ನಿಮಗೆ ಅದೊಂದೇ ಕೆಲಸ" ಎಂದರು ಮೇಡಂ ಕಂಪೌಂಡರನಿಗೆ. "ದೋಣಿ ತಗೊಂಡು ಹೋಗಿ ಹುಡುಕಿ."

"ಸಿಕ್ಕಿದ್ರೆ?"

"ಸಿಕ್ಕಿದ್ರೆ ನಾಡಿದ್ದಿಂದ ನಿಮಗೆ ಕೆಲಸ ಇರಲ್ಲ."

ಕಂಪೌಂಡರನಿಗೆ ಅರ್ಥವಾಯಿತು. ಬಾಗಿಲ ಬಳಿ ನಿಂತು ಅಷ್ಟನ್ನೂ ಕೇಳಿದ ಸ್ಟೇಷನ್ ಮಾಸ್ಟರಿಗೆ ಮಾತ್ರ ಬೇರೆಯದೇ ಅರ್ಥವಾಯಿತು. ತಪ್ಪು ಬೀದಿಯದು, ಸರಿಮಾಡುವುದೂ ಬೀದಿಯದೇ ಎಂದು ತೀರ್ಮಾನಿಸಿ, ಮಾರನೆಯ ದಿನದಿಂದ ಕ್ಷೌರಿಕನ ಜೊತೆ ತಾವೂ ದೋಣಿ ಹತ್ತಿದರು. ಕಂಪೌಂಡರನ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು ದೋಣಿಯ ಅಡಿಯಿಂದಲೇ ಸುತ್ತಿಗೆ ಹೊಡೆದ ಹಾಗೆ ಬರುತ್ತಿರುತ್ತಿತ್ತು. "ಕೇಳ್ತಾ?" ಎಂದು ಸ್ಟೇಷನ್ ಮಾಸ್ಟರ್ ಕೇಳಿದಾಗಲೆಲ್ಲ ಕಂಪೌಂಡರ್ ಡಬ್ಬಿಯನ್ನು ಮಗುಚಿಟ್ಟು ಇಲ್ಲವೆಂದು ತಲೆಯಾಡಿಸುತ್ತಿದ್ದ.

ವಾರ ಕಳೆಯುವಷ್ಟರಲ್ಲಿ ಸುದ್ದಿ ಬೀದಿ ತುಂಬ ಹಬ್ಬಿತು. "ಪಾಪ, ಕಿವಿ ಹೋಗಿದೆ. ಪರದೆ ಮೇಲೆ ಮೀನು ಕಾಣ್ತಿದೆ, ಇವರಿಗೆ ಒಂದು ಟಿಕ್ಕೂ ಕೇಳಲ್ಲ. ಮನೆಯವರಿಗೆ ಹೇಳಿಲ್ಲ ಅನ್ಸುತ್ತೆ" ಎಂದು ಸ್ಟೇಷನ್ ಮಾಸ್ಟರ್ ಅವನ ಹೆಂಡತಿಗೆ ತಿಳಿಸಿ, ತಾವೇ ಕಿವಿ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿ, ಇಬ್ಬರನ್ನೂ ಕರೆದುಕೊಂಡು ಹೋದರು.

ಡಾಕ್ಟರು ಕಂಪೌಂಡರನ ಕಿವಿಗೆ ಹೆಡ್‌ಫೋನ್ ಹಾಕಿದರು. "ಸದ್ದು ಕೇಳಿದ ತಕ್ಷಣ ಕೈ ಎತ್ತಿ" ಎಂದರು.

ಗಾಜಿನಾಚೆ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಸ್ಟೇಷನ್ ಮಾಸ್ಟರ್ ರೆಪ್ಪೆ ಬಡಿಯದೆ ಇವನ ಕೈಗಳನ್ನೇ ನೋಡುತ್ತಿದ್ದರು.

ಮೊದಲ ಸದ್ದು ಸ್ಪಷ್ಟವಾಗಿ ಕೇಳಿಸಿತು. ಎರಡನೆಯದು ಇನ್ನೂ ಸ್ಪಷ್ಟವಾಗಿ. ಕಂಪೌಂಡರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತ.