ಅರೇಬಿಯಾದಲ್ಲಿ ಮಳೆ ಬಂದ ದಿನ

ಭೂಗೋಳದ ಮೇಷ್ಟ್ರುಗಳಲ್ಲಿ ಭೂಗೋಳ ನೋಡಿದವರು ಕಡಿಮೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಏಳು ಸಮುದ್ರಗಳ ಪಾಠ ಮಾಡುತ್ತಿದ್ದೇನೆ. ದಾಟಿದ್ದು ಮಾತ್ರ ಕಾವೇರಿ, ಕಪಿಲೆ ಎರಡೇ, ಅದೂ ಬಸ್ಸಿನಲ್ಲಿ ಕೂತು, ಸೇತುವೆಯ ಮೇಲೆ. ಅರೇಬಿಯಾ ಎಂದರೆ ಮರಳು, ಮರಳೆಂದರೆ ಒಂಟೆ. ಇಷ್ಟು ಹೇಳಿ ಆ ಪಾಠವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಹೋದ ವರ್ಷ ಆಗಸ್ಟಿನ ಕಿರುಪರೀಕ್ಷೆಯಲ್ಲಿ ಎಂಟನೇ ತರಗತಿಯ ಚಂದನಾ, 'ಅರೇಬಿಯಾದ ದಕ್ಷಿಣ ತೀರದ ಸಲಾಲಾದಲ್ಲಿ ಮಳೆಗಾಲವಿದೆ, ಆಗ ಬೆಟ್ಟವೆಲ್ಲ ಹಸಿರಾಗುತ್ತದೆ, ಬಾಳೆ ತೆಂಗು ಬೆಳೆಯುತ್ತಾರೆ' ಎಂದು ಬರೆದಳು. ನಾನು ಸೊನ್ನೆ ಹಾಕಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಉತ್ತರವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ, "ಏನಮ್ಮಾ, ಇದು ಅರೇಬಿಯಾನೋ ನಂಜನಗೂಡೋ?" ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗಿ ಅಳಲಿಲ್ಲ. "ನಮ್ಮಪ್ಪ ಅಲ್ಲೇ ತೋಟದ ಕೆಲ್ಸದಲ್ಲವ್ರೆ ಸಾ. ಅವ್ರು ಸುಳ್ಳೇಳಲ್ಲ" ಎಂದಳು. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಆ ಖಾಲಿ ಜಾಗ ನೋಡಿದಾಗ ಎದೆ ಚುರುಕ್ ಎಂದದ್ದು ನಿಜ. ಆದರೆ ಮೇಷ್ಟ್ರ ಎದೆ ಚುರುಕ್ ಎಂದರೆ ಹೊರಗೆ ಯಾರಿಗೂ ಕೇಳಿಸುವುದಿಲ್ಲ.

ಅದರ ಮಾರನೆಯ ದಿನ ಬಂದಳು, ಜೊತೆಗೆ ತಾಯಿ ಮಂಜುಳಮ್ಮ. ತರಗತಿಯ ಬಾಗಿಲಲ್ಲೇ ನಿಂತು ಆಕೆ ಕೇಳಿದರು: "ಸಾ, ನಮ್ಮನೆಯವ್ರು ಮಳೇಲಿ ನೆನ್ಕಂಡು ಬಾಳೆಗೊನೆ ಕಡೀತೀನಿ ಅಂತಾರೆ. ನೀವು ಅಲ್ಲಿ ಮಳೇನೇ ಇಲ್ಲ ಅಂತೀರಿ. ಅಂಗಾರೆ ನಮ್ಮನೆಯವ್ರು ಎಲ್ಲವ್ರೆ, ಅದುನ್ನಾರ ಏಳ್ಬುಡಿ!"

ಹಾಗೆಂದವರೇ ವಿಡಿಯೊ ಕಾಲ್ ಮಾಡಿ ಫೋನನ್ನು ನನ್ನ ಕೈಗಿಟ್ಟರು. ಅದರಲ್ಲಿ ಅವರ ಗಂಡ ಮಹದೇವಸ್ವಾಮಿ, ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು ನಿಂತಿದ್ದ. ಜಿಟಿಜಿಟಿ ಮಳೆ. ಹಿಂದೆ ಮಂಜು ಮುಸುಕಿದ ಹಸಿರು ಬೆಟ್ಟ, ಅದರ ತಪ್ಪಲಲ್ಲಿ ನಮ್ಮೂರ ದನಗಳ ಹಾಗೆ ಹುಲ್ಲು ಮೇಯುತ್ತಿದ್ದ ಒಂಟೆಗಳು!

"ನಮಸ್ಕಾರ ಸಾ! ಬೆಟ್ಟದ ಆ ಕಡೆಗೋದ್ರೆ ನೀವೇಳೋ ಮರಳೇಯ. ಈ ಕಡೆ ಮೂರು ತಿಂಗ್ಳು ಇಂಗೆ. ಮಳೆ ನೋಡಕ್ಕೆ ಅಂತ್ಲೇ ಸುತ್ತಲ ದೇಶದೋರು ಕಾರ್‌ನಲ್ಲಿ ಬತ್ತಾರೆ ಸಾ!"

ನಮ್ಮ ಕಪಿಲೆಯನ್ನು ತುಂಬಿಸುವ ಮುಂಗಾರು ಗಾಳಿಯೇ ಅಲ್ಲಿಯೂ ಬೆಟ್ಟಕ್ಕೆ ತಾಗಿ ಹನಿಯುತ್ತಿತ್ತು. ಆ ಗಾಳಿಯ ಪಾಠವನ್ನು ಪ್ರತಿ ವರ್ಷ ಮಾಡುವವನೂ ನಾನೇ. ಚಂದನಾಳ ಕ್ಷಮೆ ಕೇಳಿ, ಸೊನ್ನೆ ಹೊಡೆದು ಹಾಕಿ, ಪೂರ್ತಿ ಅಂಕ ಕೊಟ್ಟು, ಭೂಪಟದ ಕೋಲನ್ನು ಅವಳ ಕೈಗೆ ಕೊಟ್ಟೆ. ಉಳಿದ ಪೀರಿಯಡ್ ಪೂರ್ತಿ ಅವಳೇ ಪಾಠ ಮಾಡಿದಳು. ಅಲ್ಲಿನ ಕಡಲತೀರದ ಬಂಡೆಗಳ ತೂತಿನಿಂದ ಅಲೆಯ ನೀರು ತೆಂಗಿನಮರದೆತ್ತರ ಚಿಮ್ಮುತ್ತದೆ ಎಂದಾಗ ಮೊನ್ನೆ ನಕ್ಕವರೆಲ್ಲ ಬೆಂಚು ಬಡಿದು ಕೇಕೆ ಹಾಕಿದರು. ಮಂಜುಳಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಲೇ ನಿಂತಿದ್ದರು.

ದೀಪಾವಳಿಗೆ ರಜೆಯ ಮೇಲೆ ಬಂದ ಮಹದೇವಸ್ವಾಮಿ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೇ ಬಂದು, ಒಂದು ಪೊಟ್ಟಣ ನೀಡಿದ. "ಅಲ್ಲಿ ಮರದ್ದೇ ಸಾ. ತೊಗಟೆ ಕೆತ್ತುದ್ರೆ ಹಾಲು ಸೋರಿ ಗಟ್ಟಿಯಾಯ್ತದೆ. ಹಳೇ ಕಾಲ್ದಲ್ಲಿ ಹಡಗುಗಟ್ಲೆ ತುಂಬ್ಕಂಡು ದೇಶದೇಶಕ್ಕೆ ಓಯ್ತಿದ್ರಂತೆ. ಸಾಂಬ್ರಾಣಿ ಸಾ, ನಿಮ್ಗೇ ಅಂತ್ಲೇ ತಂದೆ."

ಪಾಠ ಬಾರದ ಎಷ್ಟು ಮಕ್ಕಳನ್ನು ನಾನು 'ಸಾಂಬ್ರಾಣಿ' ಎಂದು ಬೈದಿದ್ದೇನೋ ಲೆಕ್ಕವಿಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡೆ. ಮಹದೇವಸ್ವಾಮಿಯ ಮುಖದಲ್ಲಿ ಬರೀ ಭಕ್ತಿಯಿತ್ತು. ಚಂದನಾ ಮಾತ್ರ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.