ಬೋಳಾರದ ಚಿಮಣಿಯಿಂದ ಚಂದ್ರಲೋಕಕ್ಕೆ

ಮತ್ತೆ ಕರೆದರು. ರಾಕೆಟ್ ಈಗಷ್ಟೇ ಚಂದ್ರನ ಮೇಲೆ ಇಳಿದಿತ್ತು, ಬಾಗಿಲು ತೆರೆದಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ, "ಮಗು ಬೂದಿಗೆ ಕೈ ಹಾಕಿತು, ನೋಡು!" ಎಂದರು. ಕೈ ತೊಳೆಸಿ ಬರುವಷ್ಟರಲ್ಲಿ ರಾಕೆಟ್ಟಿನೊಳಗಿದ್ದವರಿಗೆ ಉಸಿರು ಕಟ್ಟಿರಬೇಕು. ನಮ್ಮ ಮನೆಯಲ್ಲಿ ಕಥೆ ಕಟ್ಟುವುದೆಂದರೆ ಹೀಗೆಯೇ.

ಹತ್ತನೆಯವರೆಗೆ ಓದಿದವಳಿಗೆ ಸಿನಿಮಾ ಕಥೆಯ ಉಸಾಬರಿ ಯಾಕೆಂದರೆ, ನನ್ನ ತಮ್ಮ. ಅವನು ಮದ್ರಾಸಿನಲ್ಲಿ ಒಬ್ಬ ನಿರ್ಮಾಪಕರ ಹತ್ತಿರ ದೀಪದ ವಯರು ಎಳೆಯುತ್ತಿದ್ದ. ರಷ್ಯಾದವರು ಆಕಾಶಕ್ಕೆ ಮನುಷ್ಯನನ್ನು ಕಳಿಸಿದ ಮೇಲೆ ಆ ನಿರ್ಮಾಪಕರಿಗೆ ಚಂದ್ರಲೋಕದ ಸಿನಿಮಾ ತೆಗೆಯುವ ಹುಚ್ಚು ಹಿಡಿದಿತ್ತು. ಒಳ್ಳೆಯ ಕಥೆ ತಂದುಕೊಟ್ಟರೆ ಅವನು ಸಹಾಯಕ ನಿರ್ದೇಶಕ. ಇಲ್ಲದಿದ್ದರೆ ಊರಿಗೆ ಬಂದು ಸೋದರಮಾವನ ಅಕ್ಕಿ ಅಂಗಡಿಯಲ್ಲಿ ಕೂರಬೇಕು.

"ಅಕ್ಕ, ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸಲಿಕ್ಕೆ ಎಷ್ಟು ಸುಳ್ಳು ಹೇಳ್ತಿದ್ದಿ! ಇನ್ನೊಂದು ಹೇಳು ಮಾರಾಯ್ತಿ," ಎಂದ. ನಿರ್ಮಾಪಕರು ಮಂಗಳೂರಿಗೆ ಬಂದಾಗ ನಮ್ಮಲ್ಲೇ ಊಟ ಮಾಡಿ ಕಥೆ ಕೇಳುವುದೆಂದು ಮಾತಾಯಿತು.

ಎಲ್ಲಿಂದ ಹಾರುವುದು?

ನಾನು ರಾಕೆಟ್ಟನ್ನು ಅಮೆರಿಕದಿಂದ ಹಾರಿಸಿದ್ದೆ. ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿರುವ ನನ್ನ ಗಂಡ ಗಂಜಿ ಬಟ್ಟಲಿನಿಂದ ತಲೆ ಎತ್ತದೆ, "ನೀನು ಅಮೆರಿಕ ನೋಡಿದ್ದೀಯಾ?" ಎಂದರು.

"ಚಂದ್ರನಲ್ಲಿಗೂ ಹೋಗಿಲ್ಲ."

"ಅಲ್ಲಿಗೆ ಯಾರೂ ಹೋಗಿಲ್ಲ, ಏನು ಹೇಳಿದರೂ ನಡೆಯುತ್ತದೆ. ನಮ್ಮ ಕಾರ್ಖಾನೆಗೆ ಅಷ್ಟುದ್ದದ ಚಿಮಣಿ ಉಂಟಲ್ಲ, ಅದರೊಳಗೆ ನಿಲ್ಲಿಸು. ಯಾರಿಗೂ ಕಾಣುವುದಿಲ್ಲ. ಹೊಗೆ ಬಂದರೂ ಯಾರೂ ಕೇಳುವುದಿಲ್ಲ."

ಮದುವೆಯಾದ ಮೇಲೆ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಕಥೆಗೆ ಒಂದು ಗುಟ್ಟು ಬಂತು, ಒಂದು ಊರೂ ಬಂತು. ಮರುದಿನ ಕೆಲಸಕ್ಕೆ ಹೊರಟವರು ಮೆಟ್ಟಿಲಿಂದ ವಾಪಸು ಬಂದರು. ಮುಖ ಬಾಡಿತ್ತು.

"ರಜೆಯ ದಿನವೇ ಹಾರಿಸು. ಬೇರೆ ದಿನ ಭಟ್ಟಿಯಲ್ಲಿ ಹಂಚು ಇರುತ್ತದೆ. ಒಡೆದರೆ ಮಾಲೀಕರಿಂದ ಬೈಸಿಕೊಳ್ಳುವವನು ನಾನು."

ಹುಡುಗಿಯ ಬರಿ

ನನ್ನ ನಾಯಕ ಚಂದ್ರಲೋಕದ ರಾಜನ ಮಗಳನ್ನು ಪ್ರೀತಿಸುತ್ತಾನೆ. ಸಿಂಹಾಸನದ ಆಸೆಗೆ ಬಿದ್ದ ರಾಜನ ಮಗ ಖಳ.

ಬಂಗುಡೆ ಮೀನು ಕೊಯ್ಯುತ್ತಿದ್ದ ಅತ್ತೆ ಕೇಳಿದರು, "ಹುಡುಗಿಯ ಬರಿ ಯಾವುದು?" ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ ಎನ್ನಿ, ಒಂದೇ ಬರಿಯವರು ನಮ್ಮಲ್ಲಿ ಅಣ್ಣ-ತಂಗಿ.

"ಚಂದ್ರಲೋಕದವರಿಗೆ ಎಂತ ಬರಿ, ಅತ್ತೆ?"

"ವಿಚಾರಿಸದೆ ಹೆಣ್ಣು ತರುವುದಾ? ಅದು ಬಿಡು. ರಾಜನ ಮಗ ಯಾಕೆ ಹೊಡೆದಾಡುವುದು? ನಮ್ಮ ಅಳಿಯಕಟ್ಟಿನಲ್ಲಿ ರಾಜ್ಯ ಹೋಗುವುದು ರಾಜನ ತಂಗಿಯ ಮಗನಿಗಲ್ಲವಾ? ಮಾವನ ಮಗಳೂ ಅವನಿಗೇ ಹಕ್ಕಿನ ಹೆಣ್ಣು."

ನಕ್ಕೆ. ಆದರೆ ಅಕ್ಕಿ ತೊಳೆಯುವಾಗ ಹೊಳೆಯಿತು: ಖಳ ರಾಜನ ಮಗನಲ್ಲ, ತಂಗಿಯ ಮಗನಾದ ಅಳಿಯ! ಹಾಗಾದರೆ ಖಳನ ಕಡೆ ನ್ಯಾಯ ಉಂಟು, ನಮ್ಮ ಹುಡುಗನೇ ಅಲ್ಲಿ ಕಳ್ಳ! ಕಥೆಗೆ ಜೀವ ಬಂದದ್ದೇ ಆಗ. ಓಡಿಹೋಗಿ ಅತ್ತೆಯ ಕಾಲು ಮುಟ್ಟಿದೆ.

"ಕಾಲು ಹಿಡಿದು ಪ್ರಯೋಜನವಿಲ್ಲ," ಎಂದರು ಅವರು. "ನಾನು ಆ ಅಳಿಯನ ಕಡೆ."

ತೂಕ

ಪಕ್ಕದ ಮನೆಯ, ಕೊಂಕಣಿ ಮಾತಾಡುವ ಟೀಚರ್ ಬೇಲಿಯಾಚೆಯಿಂದ ವಿಜ್ಞಾನ ಹೇಳಿಕೊಟ್ಟರು. ಚಂದ್ರನಲ್ಲಿ ಎಲ್ಲದರ ತೂಕ ಆರರಲ್ಲಿ ಒಂದು ಪಾಲಂತೆ. "ನಿನ್ನ ರಾಜಕುಮಾರಿ ಭೂಮಿಗೆ ಬಂದರೆ ಎದ್ದು ನಿಲ್ಲಲಿಕ್ಕೂ ಆಗದು," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಇಲ್ಲಿಗೆ ಬರುವಂತಿಲ್ಲ, ಕಳ್ಳನಾದ ಅವನು ಅಲ್ಲಿ ಇರುವಂತಿಲ್ಲ. ಅಂಥ ದುಃಖ ನನಗೆ ಒಬ್ಬಳಿಗೇ ಎಲ್ಲಿ ಹೊಳೆಯುತ್ತಿತ್ತು?

ಟೀಚರ್ ಮಾತ್ರ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಆಳು ತುಸು ದಪ್ಪ. "ಅಲ್ಲಿ ಶಾಲೆ ಉಂಟಾ?" ಎಂದರು. "ಇದ್ದರೆ ವರ್ಗಾವಣೆ ಕೇಳುತ್ತಿದ್ದೆ."

ಅಳಿಯನ ಪ್ರಾಣ

ನಿರ್ಮಾಪಕರು ಬಂದರು, ಕೋಳಿ-ರೊಟ್ಟಿಗೆ ಕುಳಿತರು. ಪಕ್ಕದಲ್ಲಿ ತಮ್ಮ, ರೊಟ್ಟಿ ಮುರಿಯುತ್ತಲೇ ಇದ್ದ. ನಾನು ಬಾಗಿಲ ಬಳಿ ನಿಂತು ಹೇಳುತ್ತಾ ಹೋದೆ. ಕೊನೆಯ ಹೊಡೆದಾಟ ಬಂತು. "ಅಳಿಯ ಕಾಲು ಜಾರಿ ಬೆಟ್ಟದ ತುದಿಯಿಂದ..."

"ಅವನನ್ನು ಕೊಲ್ಲಬೇಡ!" ಅಡುಗೆಮನೆಯಿಂದ ಅತ್ತೆ ಕೂಗಿದರು. ನಿರ್ಮಾಪಕರ ಕೈಯ ರೊಟ್ಟಿ ಸಾರಿಗೆ ಬಿತ್ತು.

"ಬಿದ್ದರೂ ಸಾಯುವುದಿಲ್ಲ! ಅಲ್ಲಿ ತೂಕ ಕಡಿಮೆ!" ಕಿಟಕಿಯ ಹೊರಗಿನಿಂದ ಟೀಚರ್. ಅವರು ಅಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ.

"ಸಾಯದಿದ್ದರೆ ಅಳಿಯನೇ ನಮ್ಮ ಹುಡುಗನನ್ನು ರಾಕೆಟ್ ಹತ್ತಿಸಿ ಕಳಿಸಲಿ," ಎಂದರು ಬಾಯಿಯೇ ಬಿಡದ ನನ್ನ ಗಂಡ. "ಗಂಡಸಾದರೆ ಹಾಗೆ ಮಾಡ್ತಾನೆ."

ತಮ್ಮ ಕಣ್ಣು ಮುಚ್ಚಿಕೊಂಡ. ಅವನಿಗೆ ಅಕ್ಕಿ ಮೂಟೆಗಳು ಕಾಣುತ್ತಿದ್ದವೋ ಏನೋ.

ನಿರ್ಮಾಪಕರು ಕೆಮ್ಮು ಬರುವಷ್ಟು ನಕ್ಕರು. ನೀರು ಕುಡಿದರು. ಬಟ್ಟಲು ಬದಿಗೆ ಸರಿಸಿದರು. "ಅಳಿಯನೇ ಕಳಿಸುತ್ತಾನೆ. ಅದೇ ಕೊನೆ," ಎಂದರು. "ಕಥೆ ನನಗೆ ಬೇಕು. ಇನ್ನು ಮೇಲೆ ಇವನು ವಯರು ಎಳೆಯುವುದು ಬೇಡ, ನನ್ನ ಪಕ್ಕದಲ್ಲಿ ನಿಲ್ಲಲಿ."

ತಮ್ಮನ ಕಣ್ಣಲ್ಲಿ ನೀರು. ಸಾರು ಖಾರ ಎಂದ.

ನಿರ್ಮಾಪಕರು ಕೈ ತೊಳೆದು ಪೆನ್ನು ತೆಗೆದರು. "ಕಥೆ ಇಂಥವರದು ಎಂದು ಪರದೆಯ ಮೇಲೆ ಹಾಕಬೇಕು. ಒಂದೇ ಹೆಸರಿಗೆ ಜಾಗ ಇದೆ."

ಬಾಯಿ ತೆರೆದೆ. ಗಂಡ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಅತ್ತೆ ಹೊಸ್ತಿಲಿಗೆ ಬಂದು ಸೆರಗು ಹೊದ್ದುಕೊಂಡಿದ್ದರು. ಕಿಟಕಿಯಲ್ಲಿ ಟೀಚರ್ ಕನ್ನಡಕ ಒರೆಸುತ್ತಿದ್ದರು. ಮೂವರೂ ಬೇಕೆಂದೇ ಬೇರೆಲ್ಲೋ ನೋಡುತ್ತಿದ್ದರು.

"ಹೇಳಮ್ಮಾ," ಎಂದರು ನಿರ್ಮಾಪಕರು, "ಕಥೆ ಯಾರದು?"