ಊರಿಗೆ ದವಾಖಾನೆ ಬೇಡವೆಂದ ಕಾಕಾ

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಸಲವೂ ಗೆದ್ದ ಪಕ್ಷದಲ್ಲಿ ಇದ್ದವನಲ್ಲ. ಹಾಗೆಂದು ಅವನು ಸೋಲುತ್ತಿದ್ದ ಎಂದು ತಿಳಿಯಬೇಡಿ. ವಾದದಲ್ಲಿ ಅವನನ್ನು ಸೋಲಿಸುವವರು ನಮ್ಮೂರು ಕುಲಗೋಡದಲ್ಲಿ ಹೋಗಲಿ, ಮೂಡಲಗಿಯ ಸಂತೆಯಲ್ಲೂ ಸಿಗುತ್ತಿರಲಿಲ್ಲ. ತನ್ನ ಪಕ್ಷ ಗೆಲ್ಲುತ್ತದೆ ಎಂದು ಗೊತ್ತಾದ ಕೂಡಲೇ ಅದನ್ನು ಬಿಟ್ಟು ಎದುರಿನವರ ಕಡೆ ಹೋಗಿ ಕೂಡುತ್ತಿದ್ದ, ಅಷ್ಟೇ. "ಎಲ್ಲಾರೂ ಒಂದ ಮಾತ ಅಂದ್ರ ಅದು ಚರ್ಚಾ ಅಲ್ಲೋ ತಮ್ಮಾ, ಭಜನಿ" ಎನ್ನುತ್ತಿದ್ದ.

ಈ ವ್ರತವನ್ನು ಅವನು ಸಾವಿನ ಮನೆಯಲ್ಲೂ ಮುರಿಯಲಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ನಮ್ಮವರ ಪದ್ಧತಿಯಂತೆ ಹೆಣಕ್ಕೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಬಂದವರೆಲ್ಲ ಸತ್ತವರ ಗುಣಗಾನ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬೈಯುವವರು ಒಬ್ಬರೂ ಇಲ್ಲದ್ದು ಕಾಕಾನಿಗೆ ಸರಿಕಾಣಲಿಲ್ಲ. ಗಂಟಲು ಸರಿಮಾಡಿಕೊಂಡು, "ಎಲ್ಲಾ ಖರೆ. ಆದ್ರ ಮನಿಶ್ಯಾ ಭಾಳ ಹಟಮಾರಿ. ಈಗೂ ನೋಡ್ರಿ, ನೆಟ್ಟಗ ಕೂಡ್ರಿಸಿದ್ರೂ ಬಲಕ್ಕ ವಾಲತಾನ" ಎಂದ. ಅಳುತ್ತಿದ್ದ ಸತ್ತವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು.

ನಾನು ಆಗ ಅಲ್ಲಿದ್ದೆನೇ? ಇದ್ದೆನೆಂದೇ ನೆನಪು. ಆದರೆ ಆ ದಿನಗಳಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ ಎಂಬುದೂ ನೆನಪಿದೆ. ಎರಡರಲ್ಲಿ ಒಂದು ಸುಳ್ಳು. ತರ್ಕಶಾಸ್ತ್ರ ಓದಿ ನನಗೆ ಆದ ಲಾಭ ಇಷ್ಟೇ: ಬೇರೆ ಯಾರೂ ಸಿಗದಾಗ ನನ್ನ ನೆನಪನ್ನೇ ಪಾಟೀಸವಾಲಿಗೆ ನಿಲ್ಲಿಸಿಕೊಳ್ಳುತ್ತೇನೆ.

ಇರಲಿ. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿತ್ತು. ದೇಶಕ್ಕೆಲ್ಲ ಒಂದು ಆರೋಗ್ಯದ ಯೋಜನೆ ಬೇಕು, ಅದಕ್ಕೆ ಕಾಯ್ದೆಯಾಗಬೇಕು, ಕೈಯಲ್ಲಿ ಕಾಸಿಲ್ಲದವನಿಗೂ ಔಷಧ ತಪ್ಪಬಾರದು ಎಂದು ಪತ್ರಿಕೆಗಳಲ್ಲಿ ಚರ್ಚೆ ನಡೆದಿತ್ತು. ನಮ್ಮೂರಲ್ಲಿ ಇದರ ಅಧಿವೇಶನ ಕೂಡುತ್ತಿದ್ದುದು ದಸ್ತಗೀರಸಾಬರ ಹೊಲಿಗೆ ಅಂಗಡಿಯಲ್ಲಿ. ಮೊದಮೊದಲು ಇಡೀ ಊರು ವಿರೋಧ. ಹೆಸರು ಬರೆದುಕೊಂಡು ಗಂಡಸರನ್ನು ಫೌಜಿಗೆ ಒಯ್ಯುತ್ತಾರೆ ಎಂದು ಕೆಲವರು, ಪರಗಂಡಸು ಬಂದು ಹೆಂಗಸರ ನಾಡಿ ಹಿಡಿಯುತ್ತಾನೆ ಎಂದು ಹಲವರು. ಬೇಕು ಎನ್ನುವವರು ಒಬ್ಬರೂ ಇಲ್ಲ. ಇನ್ನೇನು ಬೇಕು? ಕಾಕಾ ಎದ್ದ.

"ಅಣ್ಣಾರ, ಡಾಕ್ಟರ ಸೂಜಿ ಚುಚ್ಚಿದ್ರ ಜಾತಿ ಕೆಡತೈತಿ ಅಂತಾರಲ್ರಿ ಇವ್ರು?" ಎಂದು ದಸ್ತಗೀರಸಾಬರು ಕೆಣಕಿದರು.

"ದಿನಾ ನಿನ್ನ ಸೂಜಿಲೆ ಹೊಲದ ಅಂಗಿ ಹಾಕ್ಕೋತಾರಲ್ಲೋ ಸಾಬ, ಕೆಟ್ಟೈತೇನು?"

ಕಾಕಾ ಮೂಡಲಗಿಯವರೆಗೆ ನಡೆದು ಹೋಗಿ ಪತ್ರಿಕೆ ತಂದು ಓದಿ ಹೇಳಿದ. ಬಾಣಂತಿಯರು ಸಾಯುವುದನ್ನು ಹೇಳಿದ, ಕೂಸುಗಳು ಸಾಯುವುದನ್ನು ಹೇಳಿದ. ಸುಗ್ಗಿ ಮುಗಿಯುವ ಹೊತ್ತಿಗೆ ಊರು ಪೂರ್ತಿ ತಿರುಗಿತು. "ಕಾಯ್ದೆ ಯಾವಾಗ ಬರತೈತ್ರಿ?" ಎಂದು ಮುದುಕಿಯರು ಅಳಿಯ ಬರುವ ದಿನ ಕೇಳಿದ ಹಾಗೆ ಕೇಳತೊಡಗಿದರು. ಕಾಕಾನ ಮುಖ ಬಾಡುತ್ತ ಬಂತು.

ಆಗಲೇ ಗೋಕಾಕದಿಂದ ಒಬ್ಬರು ಸರ್ಕಾರಿ ಸಾಹೇಬರು ಬಂದರು. ದೇಶದ ಯೋಜನೆ ಬಂದಾಗ ಬರಲಿ, ಅಷ್ಟರೊಳಗೆ ಈ ಊರಲ್ಲಿ ಒಂದು ಸಣ್ಣ ದವಾಖಾನೆ ತೆರೆಯಬಹುದೇ ಎಂದು ಜನರನ್ನು ಕೇಳಲು. ಚಾವಡಿಯ ಮುಂದೆ ಊರು ಕೂಡಿತು. "ಬೇಕನ್ನಾವ್ರು ಕೈ ಎತ್ರಿ" ಎಂದರು. ಎಲ್ಲ ಕೈ ಮೇಲೆ ಹೋದವು.

"ಬ್ಯಾಡ ಅನ್ನಾವ್ರು ಯಾರರ ಅದೀರೇನು?"

ಯಾರೂ ಇರಲಿಲ್ಲ. ಕಾಕಾ ಸುತ್ತ ನೋಡಿದ. ಆ ನೋಟದ ಅರ್ಥ ದಸ್ತಗೀರಸಾಬರಿಗೆ ಗೊತ್ತು. ಅವನ ಅಂಗಿಯ ತುದಿ ಹಿಡಿದು, "ಅಣ್ಣಾರ, ಇವತ್ತೊಂದ ದಿನ ಸುಮ್ಮ ಕೂಡ್ರಿ. ಕೈ ಮುಗಿತೇನಿ" ಎಂದರು.

"ಒಂದ ಕಡಿ ಪೂರಾ ಖಾಲಿ ಐತೋ ಸಾಬ. ಚಂದ ಕಾಣೂದಿಲ್ಲ" ಎಂದು ಕಾಕಾ ಎದ್ದೇ ನಿಂತ.

ಅಂಥ ಭಾಷಣವನ್ನು ನಾನು ಮತ್ತೆ ಕೇಳಿಲ್ಲ. ಪಟ್ಟಣದ ಡಾಕ್ಟರ ಸೋಮವಾರ ಬಂದು ಮಂಗಳವಾರ ಓಡುತ್ತಾನೆ. ಆಮೇಲೆ ಕಂಪೌಂಡರನೇ ಡಾಕ್ಟರ. ತಲೆನೋವಿಗೂ ಕಾಲುನೋವಿಗೂ ಅದೇ ಕೆಂಪು ನೀರು. ಅವನೂ ಓಡಿದ ಮೇಲೆ ಆ ಕಟ್ಟಡದಲ್ಲಿ ಆಡುಗಳು ಈಯುತ್ತವೆ, ಅವಕ್ಕಾದರೂ ಸುಖಪ್ರಸವ. ಜನ ನಕ್ಕರು. ನಕ್ಕು ನಕ್ಕು, ಎತ್ತಿದ ಕೈ ಇಳಿಸಿ ಹೊಟ್ಟೆ ಹಿಡಿದುಕೊಂಡರು. ಸಾಹೇಬರು ಕೈಗಳು ಇಳಿದದ್ದನ್ನು ನೋಡಿದರು, ಏನೋ ಬರೆದುಕೊಂಡರು, ಹೋದರು.

ದವಾಖಾನೆ ಬರಲಿಲ್ಲ. ಅದಕ್ಕೆ ಒಬ್ಬನ ಭಾಷಣ ಕಾರಣವೆಂದು ನಾನು ನಂಬುವುದಿಲ್ಲ. ಕೆಲಸ ಮಾಡದೆ ಇರಲು ಸರ್ಕಾರಕ್ಕೆ ಬೇರೆಯವರ ಸಹಾಯ ಬೇಕಾಗುವುದಿಲ್ಲ. ಆದರೆ ಕಾಕಾ ನಂಬಿದ್ದ. ಅಂಗಡಿಯ ಅಧಿವೇಶನಕ್ಕೆ ಹೋಗುವುದನ್ನು ಬಿಟ್ಟ.

ಮರುವರ್ಷ ಕಾಕುಗೆ, ಅಂದರೆ ಅವನ ಹೆಂಡತಿಗೆ, ಜ್ವರ ಬಂದು ಎದೆ ಕಟ್ಟಿತು. ಊರ ವೈದ್ಯರು ಮೂರು ದಿನ ಕಷಾಯ ಕೊಟ್ಟು, ನಾಲ್ಕನೆಯ ದಿನ ಬೆಳಿಗ್ಗೆ "ಗೋಕಾಕಕ್ಕ ಒಯ್ರಿ" ಎಂದರು. ಚಕ್ಕಡಿಯಲ್ಲಿ ಹಾಸಿಗೆ ಹಾಸಿದೆವು. ರಜೆಗೆ ಬಂದಿದ್ದ ನಾನು ಎತ್ತು ಹೊಡೆಯುತ್ತಿದ್ದೆ. ಕಾಕಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಈ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಕಣ್ಣು ಮುಚ್ಚಿದಾಗೊಮ್ಮೆ ಕಾಕಾ ಜಗಳ ತೆಗೆಯುತ್ತಿದ್ದ.

"ಊರಾಗ ದವಾಖಾನಿ ಇದ್ರೂ ಏನ ಆಗತಿತ್ತು? ಏನೂ ಇಲ್ಲ."

"ಈ ಹಾದಿ ತಪ್ಪತಿತ್ತಲ್ರಿ" ಎಂದಳು ಕಾಕು.

"ಡಾಕ್ಟರ ಓಡಿ ಹೋಗಿರತಿದ್ದ."

"ಹೋದ್ರ ನಿಮ್ಮ ಬಾಯಿಗೆ ಅಂಜಿ ಹೋಗತಿದ್ದ."

ಉತ್ತರ ಬಂದಾಗೊಮ್ಮೆ ಅವನು ಉಸಿರು ಬಿಡುವುದು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಕೂಡಲೇ ಮತ್ತೊಂದು ಮೊಂಡುವಾದ ಹೂಡುತ್ತಿದ್ದ.

ಗೋಕಾಕ ಇನ್ನೂ ಎರಡು ಹರದಾರಿ ಇತ್ತು. "ನಾ ಅವತ್ತ ಬ್ಯಾಡ ಅಂದದ್ದ ಛಲೋ ಆತು" ಎಂದ ಕಾಕಾ. ಚಕ್ಕಡಿ ಒಂದು ಹಳ್ಳ ಇಳಿದು ಹತ್ತಿತು. ಆಮೇಲೆ ಕಾಕು, "ಹೌದ್ರಿ. ನೀವಂದದ್ದ ಖರೆ" ಎಂದಳು.

"ಹಂಗನ್ನಬ್ಯಾಡ" ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಸುಳ್ಳ ಅನ್ನು. ತಪ್ಪ ಮಾಡೀರಿ ಅಂತ ಬೈ ನನ್ನ. ಏ, ಬೈ ಅಂತೇನಲ್ಲ."

ಕಾಕು ಬೈಯಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದೆ ಎರಡೂ ಕಡೆಯ ಮಾತನ್ನು ಕಾಕಾನೇ ಆಡಿದ. ತನ್ನದನ್ನು ತನ್ನ ದನಿಯಲ್ಲಿ, ಅವಳದನ್ನು ಅವಳ ದನಿಯಲ್ಲಿ, ಮೆತ್ತಗೆ, ತನಗೆ ತಾನೇ 'ರಿ' ಹಚ್ಚಿಕೊಂಡು. ಗೋಕಾಕದ ದವಾಖಾನೆಯ ಬಾಗಿಲು ಕಾಣುವವರೆಗೂ ವಾದ ನಡೆಯಿತು. ಪ್ರತಿ ಸಲವೂ ಅವಳನ್ನೇ ಗೆಲ್ಲಿಸಿದ.